ಹೊಲದ ಸುದ್ದಿ ಮನೆ ಮುಟ್ಟುವ ಬಗೆ

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಚನ್ನಗಿರಿಯ ಅಡಿಕೆ ತೋಟವಾಗಲಿ, ಹೊನ್ನಾಳಿಯ ಭತ್ತದ ಗದ್ದೆಯಾಗಲಿ, ನ್ಯಾಮತಿಯ ಮೆಕ್ಕೆಜೋಳದ ತಾಕಾಗಲಿ, ಜಗಳೂರಿನ ಮಳೆಯಾಶ್ರಿತ ಹೊಲವಾಗಲಿ, ನೀರು ಯಾವಾಗ ಬೇಕೆಂಬುದನ್ನು ಮಣ್ಣಿನ ತೇವವೇ ಹೇಳುತ್ತದೆ. ಆ ಸುದ್ದಿಯನ್ನು ಮನೆಗೆ ತರುವ ಉಪಕರಣಗಳು ಈಗ ಬಂದಿವೆ. ಹೊಲದಲ್ಲಿ ನೆಟ್ಟ ಪುಟ್ಟ ಯಂತ್ರದ ದನಿ ಬಹುದೂರ ಹೋಗದು. ಆದ್ದರಿಂದ ಅದರ ಸುದ್ದಿಯನ್ನು ಪಕ್ಕದ ಯಂತ್ರ ಕೇಳಿ ಮುಂದಿನದಕ್ಕೆ ದಾಟಿಸುತ್ತದೆ. ಸಾಲಾಗಿ ನಿಂತವರು ಕೈಯಿಂದ ಕೈಗೆ ಕೊಡ ದಾಟಿಸಿದಂತೆ ಸುದ್ದಿ ಊರು ಸೇರುತ್ತದೆ. ತಂತಿಯಿಲ್ಲದ ಈ ಏರ್ಪಾಡಿಗೆ ನಿಸ್ತಂತು ಜಾಲವೆನ್ನುತ್ತಾರೆ.

ಇದು ನಮ್ಮ ನಾಡಿಗೆ ಹೊಸತಲ್ಲ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಯವರೂ ಕೂಡಿ 2000ರ ದಶಕದಲ್ಲಿ ಇಂತಹ ಜಾಲವನ್ನು ಹೂಡಿ ನೋಡಿದರು. ಪಾವಗಡವೂ ಜಗಳೂರಿನಂತೆ ಮಳೆ ಕಡಿಮೆಯ ಸೀಮೆ. ಮಳೆಯನ್ನೇ ನಂಬಿದ ಸಣ್ಣ ರೈತರಿಗೆ ನೆರವಾಗುವುದೇ ಅವರ ಉದ್ದೇಶವಾಗಿತ್ತು.

ಆದರೆ ಜಾಲ ಕೊಳ್ಳುವ ಮುನ್ನ ಒಂದು ಲೆಕ್ಕ ಮಾಡಿರಿ. ಪ್ರತಿ ಯಂತ್ರವೂ 100 ಸುದ್ದಿಗಳಲ್ಲಿ 90ನ್ನು ಮುಂದಿನದಕ್ಕೆ ಮುಟ್ಟಿಸುತ್ತದೆ ಎನ್ನೋಣ. ಎರಡನೆಯ ಹೆಜ್ಜೆಗೆ ಉಳಿಯುವುದು 81. ಐದನೆಯ ಹೆಜ್ಜೆಗೆ ಸುಮಾರು 59 ಮಾತ್ರ! ಪ್ರತಿ ಹೆಜ್ಜೆಯೂ ಚೆನ್ನಾಗಿಯೇ ಕಾಣುತ್ತದೆ. ನಷ್ಟವೆಲ್ಲ ತುದಿಯವನ ಪಾಲು. ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಪರಿಹಾರವುಂಟು. ಸುದ್ದಿ ಕೇಳಿದ ಯಂತ್ರ "ಮುಟ್ಟಿತು" ಎಂದು ಮರುತ್ತರ ಕೊಡಬೇಕು. ಉತ್ತರ ಬಾರದಿದ್ದರೆ ಮೊದಲಿನದು ಇನ್ನೊಮ್ಮೆ ಹೇಳಬೇಕು. ಆಗ ಪ್ರತಿ ಹೆಜ್ಜೆಯಲ್ಲಿ 99 ಮುಟ್ಟಿ, ಐದು ಹೆಜ್ಜೆಯ ಮೇಲೂ ಸುಮಾರು 95 ಉಳಿಯುತ್ತವೆ. ಆದರೆ ಎರಡೆರಡು ಸಲ ಹೇಳಿದರೆ ಬ್ಯಾಟರಿ ಬೇಗ ಸವೆಯುತ್ತದೆ. ಒಂದು ಮಾತಾಡುವಾಗ ನೆರೆಯವು ಸುಮ್ಮನಿರಬೇಕಾದ್ದರಿಂದ ಹೊತ್ತೂ ಹಿಡಿಯುತ್ತದೆ. ಊರಿಗೆ ಹತ್ತಿರದ ಯಂತ್ರವಂತೂ ಎಲ್ಲರ ಸುದ್ದಿಯನ್ನೂ ಹೊರುತ್ತದೆ. ಅದು ನಿಂತರೆ, ಬೇರೆ ದಾರಿಯಿಲ್ಲದಿದ್ದಲ್ಲಿ, ಇಡೀ ಜಾಲವೇ ಮೂಕವಾಗುತ್ತದೆ.

ಬೆಳೆಯೂ ಅಡ್ಡ ಬರುತ್ತದೆ. ಎಲೆಯೊಳಗಿನ ನೀರು ರೇಡಿಯೋ ಅಲೆಗಳನ್ನು ಹೀರುತ್ತದೆ. ಬಿತ್ತನೆ ಕಾಲದಲ್ಲಿ ಚೆನ್ನಾಗಿ ಕೇಳಿಸಿದ ಯಂತ್ರವು ಮೆಕ್ಕೆಜೋಳ ಆಳೆತ್ತರ ಬೆಳೆದಾಗ ಕ್ಷೀಣಿಸಬಹುದು.

ಆದ್ದರಿಂದ ತಾವು ಮಾಡಬೇಕಾದುದು ಇಷ್ಟು:

1. ಮಾರುವವರ ಅಂಗಳದಲ್ಲಿ ಪರೀಕ್ಷಿಸಬೇಡಿರಿ. ಬೆಳೆ ತುಂಬಿ ನಿಂತಾಗ, ಅತಿ ದೂರದ ಹೊಲದಿಂದ 100 ಸುದ್ದಿ ಕಳಿಸಿ, ಮುಟ್ಟಿದ್ದನ್ನು ಎಣಿಸಿರಿ.

2. ಆಂಟೆನಾವನ್ನು ಗಳುವಿಗೆ ಕಟ್ಟಿ, ಬೆಳೆಗಿಂತ ಎತ್ತರದಲ್ಲಿಡಿರಿ.

3. ಒಂದು ಯಂತ್ರ ಕೆಟ್ಟರೆ ಸುದ್ದಿ ಬೇರೆ ದಾರಿಯಿಂದ ಬರುವುದೇ ಎಂದು, ಒಂದನ್ನು ಆರಿಸಿ ನೋಡಿರಿ.

4. ಊರ ಹತ್ತಿರದ ಯಂತ್ರದ ಬ್ಯಾಟರಿಯನ್ನು ಮೊದಲು ನೋಡಿಕೊಳ್ಳಿರಿ.

ಎಲ್ಲಕ್ಕಿಂತ ಮುಖ್ಯವಾದುದೊಂದಿದೆ. ಸುದ್ದಿ ಬರಲಿಲ್ಲವೆಂದರೆ ಹೊಲ ತೇವವಾಗಿದೆಯೆಂದು ಅರ್ಥವಲ್ಲ. ಯಂತ್ರ ಮೌನವಾದ ದಿನ ಹೊಲಕ್ಕೆ ಹೋಗಿ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿರಿ. ಒಣಗಿದ ಪೈರು ಮರುದಿನದ ಸುದ್ದಿಗೆ ಕಾಯುವುದಿಲ್ಲ.