ಗ್ಯಾಂಬಿಟ್: ಪುಸ್ತಕದ ತೀರ್ಪು, ಮಣೆಯ ಸಾಕ್ಷಿ

ಸಿದ್ದಾಪುರದಂಥ ಭತ್ತದ ಸೀಮೆಯ ರೈತ ಬೀಜದ ಚೀಲದ ಮೇಲಿನ ಚಿತ್ರ ನೋಡಿ ಮರುಳಾಗುವುದಿಲ್ಲ. ಕಾಲುವೆಗೆ ನೀರು ತಡವಾದ ವರ್ಷ, ರೋಗ ಬಿದ್ದ ವರ್ಷ ಆ ತಳಿ ಹೇಗೆ ನಿಂತಿತೆಂದು ಕೇಳುತ್ತಾನೆ. ಚದುರಂಗದ ಪುಸ್ತಕಗಳನ್ನು ತೂಗುವುದಕ್ಕೂ ಇದೇ ಪ್ರಶ್ನೆ ಬೇಕು.

ಆಟದ ಆರಂಭದಲ್ಲೇ ಒಂದು ಪದಾತಿಯನ್ನು ಬೇಕೆಂದೇ ಬಿಟ್ಟುಕೊಟ್ಟು, ಬದಲಿಗೆ ವೇಗವನ್ನೂ ದಾಳಿಯ ದಾರಿಯನ್ನೂ ಪಡೆಯುವ ತಂತ್ರವೇ ಗ್ಯಾಂಬಿಟ್. ಕುಸ್ತಿಯಲ್ಲಿ ಕಾಲು ಕೊಟ್ಟು ಬೀಳಿಸುವುದನ್ನು ಸೂಚಿಸುವ ಇಟಾಲಿಯನ್ ಪದದಿಂದ ಬಂದ ಈ ಹೆಸರನ್ನು ಸ್ಪೇನಿನ ಪಾದ್ರಿ ರೂಯ್ ಲೋಪೆಜ್ 1561ರ ತನ್ನ ಗ್ರಂಥದಲ್ಲಿ ಬಳಸಿದ.

ಚದುರಂಗದ ಬರಹ ಕನ್ನಡ ನಾಡಿಗೆ ಹೊಸದಲ್ಲ. 12ನೆಯ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಈ ಆಟದ ವಿವರಣೆಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯೊಂದು 64 ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟುವ ಬಂಧಗಳನ್ನು ರಚಿಸಿದರು. ಅವು ಸರಿಯೇ ತಪ್ಪೇ ಎಂಬುದನ್ನು ಯಾರು ಬೇಕಾದರೂ ಬೆರಳಿಟ್ಟು ಎಣಿಸಿ ನೋಡಬಹುದು. ಗ್ಯಾಂಬಿಟ್ಟಿನ ವಿಶ್ಲೇಷಣೆ ಅಷ್ಟು ಸುಲಭವಲ್ಲ. ಅಲ್ಲಿ ಎದುರಾಳಿಗೂ ಬುದ್ಧಿಯಿದೆ.

ಕಿಂಗ್ಸ್ ಗ್ಯಾಂಬಿಟ್ಟಿನ ಕತೆಯನ್ನೇ ನೋಡಿ. 1960ರಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾದಲ್ಲಿ ಬೋರಿಸ್ ಸ್ಪಾಸ್ಕಿ ಇದನ್ನಾಡಿ ಬಾಬಿ ಫಿಷರನನ್ನು ಸೋಲಿಸಿದ. ಮರುವರ್ಷ ಫಿಷರ್ ಲೇಖನವೊಂದನ್ನು ಬರೆದು, ಈ ಗ್ಯಾಂಬಿಟ್ ಮುರಿದುಬಿದ್ದಿತೆಂದು ಸಾರಿದ. ಆದರೆ 1963ರಲ್ಲಿ ತಾನೇ ಅದನ್ನಾಡಿ ಲ್ಯಾರಿ ಇವಾನ್ಸ್ ವಿರುದ್ಧ ಗೆದ್ದ. ಆಗ ಮೂರನೆಯ ನಡೆಯಲ್ಲಿ ಕುದುರೆಯ ಬದಲು ಒಂಟೆಯನ್ನು ಹೊರತಂದಿದ್ದ. ಅಂದರೆ, ಅವನ ಲೇಖನ ಹೇಳಿದ್ದು ಒಂದು ದಾರಿಯ ಮಾತು. ಓದುಗರು ತಿಳಿದದ್ದು ಇಡೀ ಊರಿನ ಮಾತೆಂದು.

ಮತ್ತೊಂದು ನಿದರ್ಶನ ನಮ್ಮ ವಿಶ್ವನಾಥನ್ ಆನಂದರದು. 19ನೆಯ ಶತಮಾನದ ಇವಾನ್ಸ್ ಗ್ಯಾಂಬಿಟ್ ದೊಡ್ಡ ಪಂದ್ಯಗಳಲ್ಲಿ ಅಪರೂಪವಾಗಿತ್ತು. 1995ರಲ್ಲಿ ರೀಗಾದಲ್ಲಿ ಕಾಸ್ಪರೋವ್ ಅದನ್ನೇ ಆಡಿ ಆನಂದರನ್ನು 25 ನಡೆಗಳಲ್ಲಿ ಸೋಲಿಸಿದ. ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಪುಸ್ತಕಗಳು ಮತ್ತೆ ಹೊರಬಂದವು.

ಕಂಪ್ಯೂಟರು ಬಂದಮೇಲೂ ಎಚ್ಚರ ತಪ್ಪುವಂತಿಲ್ಲ. 2012ರ ಏಪ್ರಿಲ್‌ ಆರಂಭದಲ್ಲಿ, ಯಂತ್ರಗಳು ಕಿಂಗ್ಸ್ ಗ್ಯಾಂಬಿಟ್ಟನ್ನು ಪೂರ್ತಿ ಬಿಡಿಸಿವೆಯೆಂಬ ಸುದ್ದಿ ಬಂತು. ಅದು ಏಪ್ರಿಲ್ ಫೂಲ್ ತಮಾಷೆಯೆಂದು ತಿಳಿಯುವ ಮೊದಲೇ ನಂಬಿದವರು ಅನೇಕರು.

ಹಾಗಾದರೆ ಪುಸ್ತಕವನ್ನು ಅಳೆಯುವುದು ಹೇಗೆ? ಮೊದಲು, ಎದುರಾಳಿಯ ಅತ್ಯುತ್ತಮ ಉತ್ತರವನ್ನು ಲೇಖಕ ಮುಚ್ಚಿಡದೆ ಕೊಟ್ಟಿದ್ದಾನೆಯೇ ಎಂದು ನೋಡಬೇಕು. ಹತ್ತಾರು ಗೆಲುವುಗಳ ನಡುವೆ ಸೋತ ಆಟಗಳೂ ಇವೆಯೇ? ಪದಾತಿಯನ್ನು ಒಲ್ಲೆನೆಂದು ಎದುರಾಳಿ ಬಿಟ್ಟರೆ ಮುಂದೇನೆಂದು ಹೇಳಿದೆಯೇ? ದುರ್ಬಲ ಉತ್ತರಗಳನ್ನಷ್ಟೇ ತೋರಿಸುವ ಪುಸ್ತಕ ಓದಲು ಸೊಗಸು. ಆದರೆ ಅದನ್ನು ನಂಬಿ ಪಂದ್ಯಕ್ಕೆ ಕೂತ ಹುಡುಗನಿಗೆ ಹತ್ತನೆಯ ನಡೆಯ ಹೊತ್ತಿಗೆ ಪದಾತಿಯೂ ಇಲ್ಲ, ದಾಳಿಯೂ ಇಲ್ಲ.

ಸೋಲು ಲೇಖಕನದಲ್ಲ, ಆಡಿದವನದು. ಆದ್ದರಿಂದ ಮುದ್ರಿತ ತೀರ್ಪು ಎಷ್ಟೇ ದೊಡ್ಡವರದಾಗಲಿ, ಮನೆಯ ಮಣೆಯ ಮೇಲೆ ಕಾಯಿಗಳನ್ನಿಟ್ಟು ಒಮ್ಮೆ ಎದುರಾಳಿಯ ಕಡೆ ಕೂತು ನೋಡಬೇಕು.