ಏಕಾಂಗಿ ವೀರನೂ ಸಮತೂಕದ ತಂಡವೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಾದವನು ಇಂತಹ ವೇದಿಕೆಯಲ್ಲಿ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವನೆಂದು ತಾವು ನಿರೀಕ್ಷಿಸಿದ್ದರೆ ಅದು ಸಹಜವೇ ಸರಿ. ಆದರೆ ಇಂದು ನಾನು ಆರಿಸಿಕೊಂಡಿರುವ ವಿಷಯವು ನಮ್ಮ ಮಕ್ಕಳು ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಆಡುವ ಒಂದು ಬಗೆಯ ಆಟ. ಅವರು ಇದನ್ನು ‘ಟ್ಯಾಕ್ಟಿಕಲ್ ರೋಲ್ ಪ್ಲೇಯಿಂಗ್ ಗೇಮ್’ ಎನ್ನುತ್ತಾರೆ. ನಾವು ‘ಪಾತ್ರಧಾರಿಗಳ ವ್ಯೂಹದಾಟ’ ಎನ್ನೋಣ. ಹೊತ್ತುಗೊತ್ತಿಲ್ಲದೆ ಆಡುವುದನ್ನು ನಾನು ಸಮರ್ಥಿಸುವವನಲ್ಲ. ಆದರೂ ಆ ಆಟದೊಳಗೆ ಹಿರಿಯರೂ ಕಿವಿಗೊಡಬೇಕಾದ ಒಂದು ಪ್ರಶ್ನೆಯುಂಟು. ಇರುವ ಬಲವನ್ನೆಲ್ಲ ಒಬ್ಬನಲ್ಲಿಯೇ ತುಂಬಿ ಅವನನ್ನು ಒಂಟಿಯಾಗಿ ರಣಕ್ಕೆ ಕಳುಹಿಸುವುದು ಲೇಸೋ, ಬೇರೆ ಬೇರೆ ಶಕ್ತಿಯುಳ್ಳ ಹಲವರನ್ನು ಕೂಡಿಸಿ ಬೆಳೆಸುವುದು ಲೇಸೋ?

ಈ ಆಟಗಳ ಮೂಲವನ್ನು ಮೊದಲು ಅರಿಯೋಣ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಮೇಜಿನ ಮೇಲೆ ಪುಟ್ಟ ಸೈನಿಕ ಬೊಂಬೆಗಳನ್ನಿಟ್ಟು ಆಡುತ್ತಿದ್ದ ಯುದ್ಧದಾಟಗಳೇ ಅದರ ತವರು. ಆರಂಭದಲ್ಲಿ ಅದರಲ್ಲಿದ್ದ ವರ್ಗಗಳು ಮೂರೇ: ಆಯುಧ ಹಿಡಿದು ಕಾದುವ ಯೋಧ, ಮಂತ್ರ ಬಲ್ಲ ಮಾಂತ್ರಿಕ, ಗಾಯವನ್ನು ಮಾಯಿಸಬಲ್ಲ ಅರ್ಚಕ. ಯೋಧನಿಗೆ ಮಂತ್ರ ಬಾರದು; ಮಾಂತ್ರಿಕನು ಕವಚ ತೊಡುವಂತಿಲ್ಲ. ಒಬ್ಬನ ಕೊರತೆಯನ್ನು ಮತ್ತೊಬ್ಬನು ತುಂಬಲೆಂದೇ ನಿಯಮಗಳನ್ನು ಹೆಣೆದಂತಿದೆ.

ಹೀಗಿದ್ದರೂ ಏಕಾಂಗಿಯಾಗಿ ಆಡುವವರು ಇದ್ದಾರೆ. ಅವರ ವಾದವನ್ನು ಪೂರ್ವಪಕ್ಷವಾಗಿ ಇಡುತ್ತೇನೆ. 1998ರಲ್ಲಿ ಕೆನಡಾದ ಬಯೋವೇರ್ ಸಂಸ್ಥೆಯು ‘ಬಾಲ್ಡರ್ಸ್ ಗೇಟ್’ ಎಂಬ ಆಟವನ್ನು ರಚಿಸಿತು. ಅದರಲ್ಲಿ ಆರು ಮಂದಿಯವರೆಗೆ ತಂಡ ಕಟ್ಟಬಹುದು. ಶತ್ರುವನ್ನು ಗೆದ್ದಾಗ ದೊರೆಯುವ ಅನುಭವದ ಅಂಕಗಳು ತಂಡದಲ್ಲಿ ಸಮನಾಗಿ ಹಂಚಿಹೋಗುತ್ತವೆ. ಆರು ಮಂದಿ ಇದ್ದರೆ ತಲೆಗೆ ಆರನೆಯ ಒಂದು ಪಾಲು. ಒಬ್ಬನೇ ಇದ್ದರೆ ಎಲ್ಲವೂ ಅವನಿಗೇ. ಅವನು ಬೇಗನೆ ಬಲಿಯುತ್ತಾನೆ. ಸಿಕ್ಕಿದ ಉತ್ತಮ ಕತ್ತಿ, ಉತ್ತಮ ಕವಚಗಳೂ ಅವನವೇ. ಆಡುವವನು ಒಬ್ಬನ ಗುಣದೋಷಗಳನ್ನು ಬಲ್ಲನಾದರೆ ಸಾಕು. ಆದರೆ ಬಹಳ ಚೆನ್ನಾಗಿ ಬಲ್ಲವನಾಗಿರಬೇಕು. ಏಕಾಂಗಿಯ ಆಟವು ಜಾಣ್ಮೆಯ ಕಠಿನ ಪರೀಕ್ಷೆ ಎಂಬುದನ್ನು ನಾವು ಅಲ್ಲಗಳೆಯಲಾಗದು.

ಇನ್ನು ಇದಕ್ಕೆ ಉತ್ತರ. ಅದೇ ಆಟದ ಮೂಲರೂಪದಲ್ಲಿ ಒಂದು ಪಾತ್ರವು ಗಳಿಸಬಹುದಾದ ಅನುಭವಕ್ಕೆ 89,000 ಅಂಕಗಳ ಮೇಲ್ಮಿತಿಯಿತ್ತು. ಒಂಟಿ ವೀರನು ಆ ಮಿತಿಯನ್ನು ಬೇಗ ಮುಟ್ಟುತ್ತಾನೆ. ಮುಟ್ಟಿದ ಮೇಲೆ ಅಲ್ಲಿಯೇ ನಿಲ್ಲುತ್ತಾನೆ. ಅಲ್ಲಿಂದಾಚೆಗೆ ಅವನು ಗಳಿಸಿದ್ದೆಲ್ಲ ತುಂಬಿದ ಕೊಡಕ್ಕೆ ಹೊಯ್ದ ನೀರು. ಇದೇ ಸರಣಿಯ ಮೂರನೆಯ ಆಟವನ್ನು ಬೆಲ್ಜಿಯಮ್ಮಿನ ಲಾರಿಯನ್ ಸಂಸ್ಥೆಯು 2023ರಲ್ಲಿ ಹೊರತಂದಿತು. ಅದರಲ್ಲಿ ತಂಡಕ್ಕೆ ನಾಲ್ವರು. ಅಲ್ಲಿ ಅನುಭವವು ಹಂಚಿಹೋಗುವುದಿಲ್ಲ. ಪ್ರತಿಯೊಬ್ಬನಿಗೂ ಪೂರ್ತಿಯಾಗಿ ಸಲ್ಲುತ್ತದೆ. ಆದುದರಿಂದ ಏಕಾಂಗಿಯ ಲೆಕ್ಕಾಚಾರವು ಎಲ್ಲೆಡೆಯೂ ನಡೆಯುವ ಲೆಕ್ಕವಲ್ಲ. ಅದಕ್ಕಿಂತಲೂ ಮುಖ್ಯವಾದುದು ಸರದಿಯ ಮಾತು. ಇದು ಸರದಿಯಂತೆ ನಡೆಯುವ ಕಾಳಗ. ಒಬ್ಬನಿಗೆ ಒಂದು ಸರದಿ ಬರುವಷ್ಟರಲ್ಲಿ ಎದುರಿನ ಎಂಟು ಮಂದಿಗೆ ಎಂಟು ಸರದಿಗಳು ಬರುತ್ತವೆ. ಒಂಟಿ ವೀರನು ನೆಲಕ್ಕೆ ಬಿದ್ದರೆ ಆಟವೇ ಮುಗಿಯಿತು. ತಂಡದಲ್ಲಾದರೆ ಬಿದ್ದವನನ್ನು ಇನ್ನೊಬ್ಬನು ಕೈಗೊಟ್ಟು ಎಬ್ಬಿಸಬಹುದು.

ನನಗೆ ಹೆಚ್ಚು ಬೋಧಪ್ರದವಾಗಿ ಕಂಡಿರುವುದು ಜಪಾನಿನ ‘ಫೈರ್ ಎಂಬ್ಲಮ್’. ಇದರ ಮೊದಲ ಆಟ ಬಂದುದು 1990ರಲ್ಲಿ. ಚದುರಂಗದಂತೆ ಚೌಕದ ಮನೆಗಳ ಮೇಲೆ ಪಾತ್ರಗಳನ್ನು ನಡೆಸಬೇಕು. ಕಾದಿದವನಿಗೇ ಅನುಭವ, ನೂರು ಅಂಕಗಳಾದರೆ ಒಂದು ಮೆಟ್ಟಿಲು ಏರಿಕೆ. ಆರಂಭದಲ್ಲಿಯೇ ಜೇಗನ್ ಎಂಬ ಹಿರಿಯ ಅಶ್ವಾರೋಹಿ ಜೊತೆಗಿರುತ್ತಾನೆ. ಉಳಿದವರೆಲ್ಲ ಎಳೆಯರು; ಅವನೊಬ್ಬನೇ ಬಲಿಷ್ಠ. ಅವನನ್ನೇ ಮುಂದೆ ಬಿಟ್ಟರೆ ಮೊದಲ ಕಾಳಗಗಳು ಸುಲಭವಾಗಿ ಗೆದ್ದುಬರುತ್ತವೆ. ಆದರೆ ಅವನಲ್ಲಿ ಮುಂದೆ ಬೆಳೆಯುವ ಕಸುವು ಕಡಮೆ. ಎಳೆಯರಿಗೆ ಸಲ್ಲಬೇಕಾದ ಅನುಭವವು ಬೆಳೆಯಲಾರದವನ ಪಾಲಾಗುತ್ತದೆ. ಮುಂದೆ ಪ್ರಬಲ ಶತ್ರುಗಳು ಬಂದಾಗ ಜೇಗನನಿಗೂ ಸಾಲದು, ಎಳೆಯರಿಗಂತೂ ಕೈ ಪಳಗಿಯೇ ಇರುವುದಿಲ್ಲ. ಬಲ್ಲವರು ಬೇರೆ ಬಗೆಯಾಗಿ ಆಡುತ್ತಾರೆ. ಜೇಗನನನ್ನು ಅಡ್ಡ ನಿಲ್ಲಿಸಿ ಶತ್ರುವಿನ ಪೆಟ್ಟನ್ನು ತಡೆಸುತ್ತಾರೆ. ಅರೆಬಲವಾದ ಶತ್ರುವನ್ನು ಗೆಲ್ಲುವ ಅವಕಾಶವನ್ನು ಎಳೆಯನಿಗೆ ಬಿಡುತ್ತಾರೆ. ಅದೇ ಆಟದಲ್ಲಿ ಎಸ್ಟ್ ಎಂಬ ಹುಡುಗಿ ತಡವಾಗಿ ಬಂದು ಸೇರುತ್ತಾಳೆ. ಬಂದಾಗ ದುರ್ಬಲೆ, ಅವಕಾಶ ಕೊಟ್ಟರೆ ಬೇಗನೆ ಬೆಳೆಯುವವಳು.

ಅಭಿಮನ್ಯುವಿನ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಚಕ್ರವ್ಯೂಹವನ್ನು ಹೊಗುವುದನ್ನು ಅವನು ಬಲ್ಲನು, ಹೊರಬರುವುದನ್ನು ಅರಿಯನು. ಹಿಂದೆಯೇ ಬರುವೆವೆಂದ ದೊಡ್ಡಪ್ಪಂದಿರನ್ನೂ ಚಿಕ್ಕಪ್ಪಂದಿರನ್ನೂ ಸೈಂಧವನು ಬಾಗಿಲಲ್ಲಿಯೇ ತಡೆದನು. ಕೊರತೆಯಿದ್ದುದು ಬಾಲಕನ ಶೌರ್ಯದಲ್ಲಿ ಅಲ್ಲ. ಎಲ್ಲ ಭಾರವನ್ನೂ ಅವನೊಬ್ಬನ ಮೇಲೆ ಹೊರಿಸಿದ ಯೋಜನೆಯಲ್ಲಿ.

ಈಗ ನಮ್ಮ ಶಾಲೆಗಳ ಕಡೆಗೆ ತಿರುಗೋಣ. ಭಾಷಣ ಸ್ಪರ್ಧೆಗೆ ಹೋಗುವ ಹುಡುಗನೇ ಪ್ರಬಂಧಕ್ಕೂ, ಅವನೇ ನಾಟಕದ ರಾಜಪಾತ್ರಕ್ಕೂ, ಅವನೇ ಅತಿಥಿಗಳ ಸ್ವಾಗತಕ್ಕೂ. ಬಹುಮಾನಗಳು ಬರುತ್ತವೆ, ನಾವು ಹಿಗ್ಗುತ್ತೇವೆ. ಆತನು ಹತ್ತನೆಯ ತರಗತಿ ಮುಗಿಸಿ ಹೋದ ವರ್ಷ ವೇದಿಕೆಯೇರಲು ಯಾರೂ ಇಲ್ಲ! ಹಿಂದಿನ ಬೆಂಚಿನ ಮೂವತ್ತು ಮಕ್ಕಳು ಐದು ವರ್ಷ ಚಪ್ಪಾಳೆ ತಟ್ಟಿದುದಷ್ಟೇ. ಅವರೊಳಗೆ ಎಷ್ಟು ಎಸ್ಟರು ಇದ್ದರೋ! ವಿದ್ಯಾರ್ಥಿಗಳ ಸಂಖ್ಯೆ ಕಡಮೆಯಿರುವ ಕನ್ನಡ ಮಾಧ್ಯಮದ ಶಾಲೆಯಲ್ಲಿ ಒಂದೊಂದು ಮಗುವನ್ನು ಕಡೆಗಣಿಸುವುದೂ ದೊಡ್ಡ ನಷ್ಟ. ಪ್ರತಿಭಾವಂತನನ್ನು ತಗ್ಗಿಸಬೇಕೆಂದು ನಾನು ಹೇಳುತ್ತಿಲ್ಲ. ಅವನು ಜಿಲ್ಲೆಯ ಸ್ಪರ್ಧೆಗೆ ಹೋಗಲಿ. ಶಾಲೆಯೊಳಗಿನ ಸಭೆಗೆ ಮಾತ್ರ ಅವನೇ ಇನ್ನೊಬ್ಬನನ್ನು ಸಿದ್ಧಗೊಳಿಸಿ ಕಳುಹಿಸಲಿ. ವಿದ್ಯೆಯು ಹಂಚಿದರೆ ಕರಗುವ ಸೊತ್ತಲ್ಲ; ಕಲಿಸಿದವನಿಗೂ ಪೂರ್ತಿ, ಕಲಿತವನಿಗೂ ಪೂರ್ತಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ತಲೆಗಳ ಎಣಿಕೆಯಿಂದ ತಂಡವಾಗುವುದಿಲ್ಲ. ನಾಲ್ವರೂ ಕತ್ತಿ ಹಿಡಿದವರಾದರೆ ಗಾಯ ಮಾಯಿಸುವವರಾರು? ನಮ್ಮ ಕಾಸರಗೋಡಿನ ಸೀಮೆಯ ಯಕ್ಷಗಾನವನ್ನೇ ನೋಡಿರಿ. ಭಾಗವತರ ಹಾಡು, ಮದ್ದಳೆ, ಚೆಂಡೆ ಇವಿಲ್ಲದೆ ಎಂತಹ ವೇಷಧಾರಿಯೂ ರಂಗದಲ್ಲಿ ನಿಲ್ಲಲಾರನು. ಅಕ್ಷರ ದುಂಡಗಿರುವ ಹುಡುಗಿ, ಲೆಕ್ಕ ಬಲ್ಲವನು, ಪರದೆ ಕಟ್ಟುವವನು, ಜಗಳ ಬಿಡಿಸುವವನು, ಇವರೆಲ್ಲರಿಗೂ ತಂಡದಲ್ಲಿ ಕೆಲಸವುಂಟು, ಗೌರವವೂ ಇರಬೇಕು.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ. ಮಕ್ಕಳು ಆಡುವಾಗ ಒಮ್ಮೆ ಪಕ್ಕದಲ್ಲಿ ಕುಳಿತು, ‘ಇವನನ್ನೇಕೆ ಹಿಂದೆ ನಿಲ್ಲಿಸಿದೆ?’ ಎಂದು ಕೇಳಿರಿ. ಅವರ ಉತ್ತರದಲ್ಲಿ ವಿವೇಕವಿದ್ದರೆ ಮೆಚ್ಚಿರಿ. ಆಮೇಲೆ ಆಟ ನಿಲ್ಲಿಸಿ ಓದಲು ಕೂರಿಸಿರಿ. ಶಿಕ್ಷಕ ಮಿತ್ರರು ಈ ವರ್ಷದ ನಾಟಕಕ್ಕೆ ಪಾತ್ರ ಹಂಚುವಾಗ ಹಿಂದಿನ ಬೆಂಚಿನಿಂದ ಆರಂಭಿಸಬೇಕೆಂದು ಕೋರುತ್ತೇನೆ.