ಕುಪ್ಪಿಯ ಮೇಲಿನ ಬರಹ
(ಕಾಸರಗೋಡಿನಲ್ಲಿ ನಡೆದ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರಿಗೂ ಕೆಮ್ಮಿನ ಔಷಧಕ್ಕೂ ಏನು ನಂಟೆಂದು ತಾವು ಕೇಳಬಹುದು. ನಾವು ವೈದ್ಯರಲ್ಲ. ಆದರೆ ಬರೆದುದನ್ನು ಓದಿ ಅರಿಯುವುದನ್ನು ಕಲಿಸುವುದೇ ನಮ್ಮ ವೃತ್ತಿ. ಓದದೆ ಬಿಟ್ಟ ಒಂದು ಬರಹದಿಂದ ನಮ್ಮ ಮನೆಗೇ ಒದಗಿದ ಸಂಕಟವನ್ನು ತಮ್ಮ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಒಂದು ಮಳೆಗಾಲ. ಹಿರಿಯ ಮಗನಿಗೆಂದು ತಂದ ಕೆಮ್ಮಿನ ಸಿರಪ್ಪು ಕಪಾಟಿನಲ್ಲಿ ಉಳಿದಿತ್ತು. ಒಂದೂವರೆ ವರ್ಷದ ಮಗಳಿಗೆ ಶೀತವಾದಾಗ ಅದನ್ನೇ ಅಡುಗೆಮನೆಯ ಚಮಚದಲ್ಲಿ ಎರಡು ಸಲ ಕುಡಿಸಿದೆವು. ಮಗು ನಿದ್ರಿಸಿತು, ಗುಣವಾಯಿತೆಂದು ಹಿಗ್ಗಿದೆವು. ಸಂಜೆ ಎಬ್ಬಿಸಿದರೂ ಏಳದಿದ್ದಾಗ ಎದೆ ನಡುಗಿತು. ವೈದ್ಯರು ರಾತ್ರಿಯಿಡೀ ಕಾದು, ಬೆಳಗ್ಗೆ ಮಗುವನ್ನು ನಮ್ಮ ಕೈಗಿತ್ತರು. “ಕುಪ್ಪಿಯ ಮೇಲೆ ಬರೆದುದನ್ನು ಓದಲಿಲ್ಲವೇ ಮಾಸ್ಟ್ರೇ?” ಎಂದು ಅವರು ಕೇಳಿದಾಗ ವಿದ್ವಾನ್ ಪದವೀಧರರಾದ ನಮ್ಮಲ್ಲಿ ಉತ್ತರವಿರಲಿಲ್ಲ.

ಶೀತವು ಸಾಮಾನ್ಯವಾಗಿ ವೈರಸ್ಸಿನಿಂದ ಬಂದು ಏಳೆಂಟು ದಿನಗಳಲ್ಲಿ ತಾನಾಗಿ ಶಮನವಾಗುವ ವ್ಯಾಧಿ; ಸಿರಪ್ಪು ಅದನ್ನು ಬೇಗ ವಾಸಿಮಾಡದು. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಎರಡೂ ಕೂಡಿದ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂಬ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ಕೇಂದ್ರದ ಔಷಧ ನಿಯಂತ್ರಣಾಧಿಕಾರಿಗಳು 2023ರಲ್ಲಿ ಸೂಚಿಸಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ, ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ಪನ್ನು ಕುಡಿದು ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ಅಸುನೀಗಿದರು. ಆ ಅಕ್ಟೋಬರಿನಲ್ಲಿಯೇ ಕೇಂದ್ರದ ಆರೋಗ್ಯ ಇಲಾಖೆಯು, ಕೆಮ್ಮು-ಶೀತದ ಔಷಧಗಳು 2 ವರ್ಷದೊಳಗಿನವರಿಗೆ ಕೂಡದು, 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂದು ಸಾರಿತು. ಬೆರೆತ ವಿಷವನ್ನು ಯಾವ ಚೀಟಿಯೂ ಹೇಳದು. ಆದುದರಿಂದ ಅನಗತ್ಯವಾದ ಔಷಧವನ್ನು ಕೊಡದಿರುವುದೇ ಮೊದಲ ರಕ್ಷೆ.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಡಕುಂಟು. ಕುಪ್ಪಿಯ ಬರಹ ಇಂಗ್ಲಿಷು, ಅಂಗಡಿಯವರ ಮಾತು ಮಲಯಾಳ, ಮಗುವಿಗೆ ಔಷಧ ಕುಡಿಸುವ ಅಜ್ಜಿಯ ಮಾತು ಕನ್ನಡ. ತಿಳಿಯದಿದ್ದರೆ ಕೇಳಲು ಸಂಕೋಚಪಡಬಾರದು. ಯಾವ ವಯಸ್ಸಿಗೆ? ಎಷ್ಟು ಮಿಲಿಲೀಟರು? ದಿನಕ್ಕೆಷ್ಟು ಸಲ? ಒಳಗೆ ಏನೇನಿದೆ? ಉತ್ತರವನ್ನು ಕನ್ನಡದಲ್ಲಿ ಬರೆದು ಕುಪ್ಪಿಗೆ ಅಂಟಿಸಿರಿ. ನಮ್ಮ ಪ್ರೌಢಶಾಲೆಯ ಮಕ್ಕಳು ಹಿರಿಯರಿಗೆ ಇಷ್ಟು ಸೇವೆ ಮಾಡಬಲ್ಲರು.

ಮನೆಯ ಚಮಚಗಳೆಲ್ಲ ಒಂದೇ ಅಳತೆಯವಲ್ಲ; ಔಷಧದೊಡನೆ ಬರುವ ಅಳತೆಯ ಮುಚ್ಚಳವನ್ನೇ ಬಳಸಬೇಕು. ಶೀತದ ಸಿರಪ್ಪಿನಲ್ಲಿಯೂ ಜ್ವರದ ಸಿರಪ್ಪಿನಲ್ಲಿಯೂ ಪ್ಯಾರಾಸಿಟಮಾಲ್ ಇರಬಹುದು. ಎರಡನ್ನೂ ಕೊಟ್ಟರೆ ಪ್ರಮಾಣ ಮೀರಿ ಯಕೃತ್ತಿಗೆ ಹಾನಿಯಾದೀತು. ಒಬ್ಬರಿಗೆ ತಂದುದನ್ನು ಇನ್ನೊಬ್ಬರಿಗೆ ಕುಡಿಸಲಾಗದು. ವರ್ಷ ತುಂಬಿದ ಮಗುವಿನ ಕೆಮ್ಮಿಗೆ ಅರ್ಧ ಚಮಚ ಜೇನು ಹಿತಕರ. ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೂಬಾರದು. ಉಸಿರಾಟ ವೇಗವಾದರೆ, ಉಸಿರೆಳೆವಾಗ ಪಕ್ಕೆ ಒಳಸೆಳೆದರೆ, ಮಗು ಹಾಲೊಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಕನ್ನಡವನ್ನು ಉಳಿಸಬೇಕೆಂದು ನಾವು ವರ್ಷವರ್ಷವೂ ಇಲ್ಲಿ ಸೇರುತ್ತೇವೆ. ನಾಳೆ ಅದನ್ನು ಆಡಬೇಕಾದ ನಾಲಗೆಗಳು ಇಂದು ತೊಟ್ಟಿಲಲ್ಲಿವೆ. ಆ ನಾಲಗೆಗೆ ಒಂದು ತೊಟ್ಟು ಔಷಧ ಬಿಡುವ ಮುನ್ನ ಕುಪ್ಪಿಯನ್ನು ಬೆಳಕಿಗೆ ಹಿಡಿದು ಓದೋಣ.